ಕಿಟಕಿಯಾಚೆಯ ನೋಟವನ್ನು ಹಿಡಿದಿಟ್ಟ ನೀಪ್ಸ್

ಕ್ಯಾಮೆರಾದಿಂದ ತೆಗೆದ ಛಾಯಾಚಿತ್ರಗಳಲ್ಲಿ ಇಂದಿಗೂ ಉಳಿದುಬಂದಿರುವ ಅತ್ಯಂತ ಹಳೆಯದು ಒಂದು ಹಳ್ಳಿಮನೆಯ ಕಿಟಕಿಯಿಂದ ಕಂಡ ನೋಟ. ಅದರಲ್ಲಿ ರಾಜರಿಲ್ಲ, ಯುದ್ಧವಿಲ್ಲ, ಮನುಷ್ಯರ ಸುಳಿವೇ ಇಲ್ಲ. ಒಂದು ಪಾರಿವಾಳದ ಗೂಡು, ಒಂದು ಪೇರ್ ಮರ, ಕಣಜದ ಇಳಿಜಾರು ಸೂರು, ರೊಟ್ಟಿ ಸುಡುವ ಮನೆಯ ಹೊಗೆಗೂಡು, ಮನೆಯ ಇನ್ನೊಂದು ಪಾರ್ಶ್ವ, ಇಷ್ಟೇ. ಈ ಚಿತ್ರವನ್ನು 1826 ಅಥವಾ 1827ರಲ್ಲಿ ತೆಗೆದವನು ಫ್ರಾನ್ಸಿನ ಜೋಸೆಫ್ ನಿಸೆಫೋರ್ ನೀಪ್ಸ್. ಚಿತ್ರಕಲೆಯಾಗಲಿ ರಸಾಯನಶಾಸ್ತ್ರವಾಗಲಿ ಆತನ ಕಸುಬಾಗಿರಲಿಲ್ಲ. ಸ್ವಂತ ಆಸಕ್ತಿಯಿಂದ, ಸ್ವಂತ ಹಣದಿಂದ, ಸ್ವಂತ ಮನೆಯ ಮಾಳಿಗೆಯಲ್ಲಿ ಪ್ರಯೋಗ ನಡೆಸಿದ ಹವ್ಯಾಸಿ ಆತ. ತನ್ನ ಸಾಧನೆಯನ್ನು ಲೋಕಕ್ಕೆ ತೋರಿಸಬೇಕೆಂಬ ಆಸೆ ಮತ್ತು ಅದರ ಗುಟ್ಟು ಪರರ ಪಾಲಾದೀತೆಂಬ ಅಂಜಿಕೆ, ಇವೆರಡರ ನಡುವಿನ ತೊಳಲಾಟದಲ್ಲಿಯೇ ಆತನ ಬದುಕಿನ ಕೊನೆಯ ವರ್ಷಗಳು ಕಳೆದವು.

ಸೋದರರ ಜೋಡಿ

ನೀಪ್ಸ್ ಜನಿಸಿದ್ದು 1765ರ ಮಾರ್ಚ್ 7ರಂದು, ಬರ್ಗಂಡಿ ಪ್ರಾಂತ್ಯದ ಸೋನ್ ನದಿಯ ದಂಡೆಯ ಮೇಲಿರುವ ಶಾಲೋನ್ ಪಟ್ಟಣದಲ್ಲಿ. ತಂದೆ ವಕೀಲ. ಜಮೀನು, ಮನೆಗಳುಳ್ಳ ಅನುಕೂಲಸ್ಥ ಕುಟುಂಬ. ಹೆತ್ತವರು ಇಟ್ಟ ಹೆಸರು ಜೋಸೆಫ್. ನಿಸೆಫೋರ್ ಎಂಬುದು ತಾರುಣ್ಯದಲ್ಲಿ ಆತನೇ ಇಟ್ಟುಕೊಂಡ ಹೆಸರು. ವಿಜಯವನ್ನು ತರುವವನು ಎಂಬುದು ಆ ಗ್ರೀಕ್ ಪದದ ಅರ್ಥ. ಧಾರ್ಮಿಕ ಶಿಕ್ಷಣ ಸಂಸ್ಥೆಯಲ್ಲಿ ಓದಿ, ಕೆಲಕಾಲ ಪಾಠ ಹೇಳಿದ ಆತನನ್ನು ಫ್ರೆಂಚ್ ಮಹಾಕ್ರಾಂತಿ ಸೈನ್ಯಕ್ಕೆ ಎಳೆದೊಯ್ದಿತು. ಅನಾರೋಗ್ಯದಿಂದಾಗಿ ಸೈನಿಕ ವೃತ್ತಿ ಬೇಗನೆ ಮುಗಿಯಿತು. 1794ರಲ್ಲಿ ನೀಸ್ ನಗರದಲ್ಲಿ ಆಗ್ನೆಸ್ ರೊಮೆರೊ ಎಂಬಾಕೆಯನ್ನು ವಿವಾಹವಾದ ಆತ, ಅಲ್ಲಿ ಸ್ವಲ್ಪ ಕಾಲ ಆಡಳಿತಾಧಿಕಾರಿಯಾಗಿದ್ದು, 1801ರಲ್ಲಿ ಹುಟ್ಟೂರಿಗೆ ಮರಳಿದ.

ನೀಪ್ಸ್‌ನ ಬಾಳಿನಲ್ಲಿ ಅಣ್ಣ ಕ್ಲೋಡ್‌ನ ಸ್ಥಾನ ಹಿರಿದು. ಇಬ್ಬರಿಗೂ ಹೊಸ ಹೊಸ ಯಂತ್ರಗಳನ್ನು ಕಟ್ಟುವ ಹುಚ್ಚು. ಇಂಧನವನ್ನು ಯಂತ್ರದ ಒಳಗೇ ಸ್ಫೋಟಿಸಿ ಚಲನೆ ಪಡೆಯುವ ಪಿರಿಯೋಲೋಫೋರ್ ಎಂಬ ಸಾಧನವನ್ನು ಅವರು ನಿರ್ಮಿಸಿ, ಅದನ್ನು ದೋಣಿಗೆ ಜೋಡಿಸಿ ಸೋನ್ ನದಿಯಲ್ಲಿ ಪ್ರವಾಹದ ಎದುರು ನಡೆಸಿ ತೋರಿಸಿದರು. 1807ರ ಜುಲೈ 20ರಂದು ಅದಕ್ಕೆ ನೆಪೋಲಿಯನ್‌ನ ಸಹಿಯೊಂದಿಗೆ ಪೇಟೆಂಟ್ ದೊರೆಯಿತು. ಇಂದಿನ ಮೋಟಾರು ಎಂಜಿನ್ನುಗಳ ಪೂರ್ವಜರಲ್ಲಿ ಇದೂ ಒಂದು. ಆದರೆ ಇದರಿಂದ ಸೋದರರಿಗೆ ಕೀರ್ತಿಯೂ ಬರಲಿಲ್ಲ, ಹಣವೂ ಬರಲಿಲ್ಲ. ಪೇಟೆಂಟಿನ ಅವಧಿ ಮುಗಿಯುತ್ತ ಬಂದಾಗ ಕ್ಲೋಡ್ ಬಂಡವಾಳ ಹೂಡುವವರನ್ನು ಅರಸುತ್ತ 1816ರಲ್ಲಿ ಪ್ಯಾರಿಸ್ಸಿಗೆ, 1817ರಲ್ಲಿ ಇಂಗ್ಲೆಂಡಿಗೆ ಹೊರಟುಹೋದ. ಅಣ್ಣ ತಮ್ಮಂದಿರು ಅಗಲಿದ ಕಾರಣದಿಂದಲೇ ಪತ್ರಗಳು ಹುಟ್ಟಿದವು. ಛಾಯಾಗ್ರಹಣದ ಶೈಶವದ ಕಥೆ ಲೋಕಕ್ಕೆ ತಿಳಿದದ್ದು ಬಹುಮಟ್ಟಿಗೆ ಆ ಪತ್ರಗಳಿಂದ.

ಉಂಗುರದ ಪೆಟ್ಟಿಗೆಯ ಕ್ಯಾಮೆರಾ

ಕಲ್ಲಚ್ಚಿನ ಮುದ್ರಣವು ಆಗ ಯೂರೋಪಿಗೆ ಹೊಸತು. ನೀಪ್ಸ್ ಅದರತ್ತ ಆಕರ್ಷಿತನಾದ. ಆದರೆ ಚಿತ್ರ ಬರೆಯುವ ಕಲೆ ಆತನಿಗೆ ಒಲಿದಿರಲಿಲ್ಲ. ಕೈಯ ಬದಲು ಬೆಳಕೇ ಚಿತ್ರವನ್ನು ಬರೆಯುವಂತಾದರೆ ಹೇಗೆ ಎಂಬ ಯೋಚನೆ ಆತನನ್ನು ಹಿಡಿಯಿತು.

ಕ್ಯಾಮೆರಾ ಆಗಲೇ ಇತ್ತು. ಕತ್ತಲೆ ಪೆಟ್ಟಿಗೆಯ ಒಂದು ಬದಿಗೆ ಮಸೂರವಿಟ್ಟರೆ ಎದುರು ಬದಿಯಲ್ಲಿ ಹೊರಗಿನ ದೃಶ್ಯ ಮೂಡುವುದನ್ನು ಚಿತ್ರಕಾರರು ಶತಮಾನಗಳಿಂದ ಬಲ್ಲವರಾಗಿದ್ದರು. ಬೆಳ್ಳಿಯ ಲವಣಗಳು ಬಿಸಿಲಿಗೆ ಕಪ್ಪಾಗುವುದೂ ತಿಳಿದಿತ್ತು. 1816ರ ಮೇ ತಿಂಗಳಲ್ಲಿ ನೀಪ್ಸ್ ಇವೆರಡನ್ನೂ ಒಂದುಗೂಡಿಸಿದ. ಶಾಲೋನಿನ ಸಮೀಪದ ಸೇಂಟ್ ಲೂ ದ ವರೆನ್ ಗ್ರಾಮದಲ್ಲಿ ಲೆ ಗ್ರಾ ಎಂಬ ಕುಟುಂಬದ ಮನೆಯಿತ್ತು. ಅಲ್ಲಿನ ತನ್ನ ಕೆಲಸದ ಕೋಣೆಯ ಕಿಟಕಿಯನ್ನು ತೆರೆದು, ಪಕ್ಷಿಗೂಡಿಗೆ ಎದುರಾಗಿ ಪೆಟ್ಟಿಗೆಯನ್ನಿಟ್ಟ. ದೊಡ್ಡ ಪೆಟ್ಟಿಗೆಯ ಮಸೂರ ಒಡೆದುಹೋದಾಗ ಮಗ ಇಸಿದೋರ್‌ನ ಉಂಗುರವಿಡುವ ಪುಟ್ಟ ಪೆಟ್ಟಿಗೆಯನ್ನೇ ಕ್ಯಾಮೆರಾ ಮಾಡಿಕೊಂಡ. ಅದಕ್ಕೆ ತಾತನ ಕಾಲದ ಸೂಕ್ಷ್ಮದರ್ಶಕದ ಮಸೂರ ಹೊಂದಿಕೊಂಡಿತು. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಗೂಡಿನ ಆಕಾರವೂ ಕಿಟಕಿಯ ಚೌಕಟ್ಟಿನ ಮಸುಕು ಗುರುತೂ ಮೂಡಿದವು.

ಆ ಪ್ರಯತ್ನಗಳ ಕೆಲವು ಮಾದರಿಗಳನ್ನು ನೀಪ್ಸ್ ಪತ್ರದೊಡನೆ ಅಣ್ಣನಿಗೆ ಕಳುಹಿಸಿಕೊಟ್ಟ. ಮನೆಯ ಕಿಟಕಿಯಿಂದ ಕಂಡದ್ದನ್ನು ಚಿತ್ರ ತೆಗೆದು ದೂರದಲ್ಲಿರುವ ಆತ್ಮೀಯರಿಗೆ ಕಳುಹಿಸುವ ಪದ್ಧತಿಯ ಮೊದಲ ಉದಾಹರಣೆ ಇದೇ ಇರಬಹುದು. ಆದರೆ ಅವುಗಳಲ್ಲಿ ಎರಡು ಕೊರತೆಗಳಿದ್ದವು. ಬೆಳಕು ಬಿದ್ದೆಡೆ ಕಪ್ಪು, ನೆರಳಿದ್ದೆಡೆ ಬಿಳುಪು; ನೋಟ ತಿರುವುಮುರುವಾಗಿತ್ತು. ಎರಡನೆಯದಾಗಿ, ಚಿತ್ರವನ್ನು ಸ್ಥಿರಗೊಳಿಸುವ ಉಪಾಯ ಆತನಿಗೆ ತಿಳಿದಿರಲಿಲ್ಲ. ನೋಡಲು ಬೆಳಕಿಗೆ ಹಿಡಿದರೆ ಅದೇ ಬೆಳಕು ಚಿತ್ರವನ್ನು ನುಂಗುತ್ತಿತ್ತು. ಅವುಗಳಲ್ಲಿ ಒಂದೂ ಇಂದು ಉಳಿದಿಲ್ಲ.

ಡಾಂಬರು ಮತ್ತು ಬಿಸಿಲು

ಬಳಿಕ ನೀಪ್ಸ್ ಬೆಳ್ಳಿಯನ್ನು ಬಿಟ್ಟು ಬಿಟುಮೆನ್ನಿನ ಕಡೆಗೆ ತಿರುಗಿದ. ಇದು ರಸ್ತೆಗೆ ಹಾಕುವ ಡಾಂಬರಿನ ಜಾತಿಗೆ ಸೇರಿದ ನೈಸರ್ಗಿಕ ವಸ್ತು. ಬಿಸಿಲು ತಾಗಿದ ಬಿಟುಮೆನ್ ಗಟ್ಟಿಯಾಗುತ್ತದೆ, ಎಣ್ಣೆಯಲ್ಲಿ ಸುಲಭವಾಗಿ ಕರಗುವುದಿಲ್ಲ. ನೆರಳಿನಲ್ಲಿದ್ದ ಭಾಗ ಕರಗುತ್ತದೆ. ನೀಪ್ಸ್‌ನ ವಿಧಾನದ ತಿರುಳು ಇಷ್ಟೇ. ಬಿಟುಮೆನ್ ಪುಡಿಯನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ಫಲಕಕ್ಕೆ ತೆಳ್ಳಗೆ ಲೇಪಿಸುವುದು, ಬೆಳಕಿಗೆ ಒಡ್ಡುವುದು, ಅನಂತರ ಎಣ್ಣೆಯಿಂದ ತೊಳೆಯುವುದು. ಗಟ್ಟಿಯಾದ ಭಾಗ ಫಲಕದ ಮೇಲೆ ನಿಂತು ಬೆಳಕನ್ನು ತೋರುತ್ತದೆ. ತೊಳೆದುಹೋದೆಡೆ ಬರಿಯ ಲೋಹ ಕಾಣಿಸಿ ನೆರಳಾಗುತ್ತದೆ. ತೊಳೆದ ಮೇಲೆ ಚಿತ್ರ ಮಾಸುವ ಭಯವಿಲ್ಲ. ಇದಕ್ಕೆ ಆತ ಇಟ್ಟ ಹೆಸರು ಹೀಲಿಯೋಗ್ರಫಿ, ಅಂದರೆ ಸೂರ್ಯಲೇಖನ.

1822ರಲ್ಲಿ ಈ ವಿಧಾನದಿಂದ ಪೋಪ್ ಏಳನೆಯ ಪಯಸ್‌ರ ಮುದ್ರಿತ ಚಿತ್ರವೊಂದನ್ನು ಗಾಜಿನ ಮೇಲೆ ನಕಲು ಮಾಡಿದ. ಇದು ಚಿತ್ರದ ಮೇಲಿನ ನಕಲು, ಪ್ರಕೃತಿಯ ನೋಟವಲ್ಲ. ಪ್ರಕೃತಿಯನ್ನೇ ಹಿಡಿಯಲು ಆತ ಮತ್ತೆ ತನ್ನ ಕಿಟಕಿಗೆ ಬಂದ. ಲೆ ಗ್ರಾ ಮನೆಯ ಮಾಳಿಗೆಯ ಕಿಟಕಿಯಲ್ಲಿ, ತವರದ ಮಿಶ್ರಲೋಹವಾದ ಪ್ಯೂಟರ್‌ನ ಫಲಕವನ್ನು ಕ್ಯಾಮೆರಾದೊಳಗಿಟ್ಟು ಹೊರಗಿನ ಅಂಗಳಕ್ಕೆ ಮುಖ ಮಾಡಿದ. ಫಲಕದ ಅಳತೆ ಸುಮಾರು 16 ಸೆಂಟಿಮೀಟರ್‌ಗೆ 20 ಸೆಂಟಿಮೀಟರ್, ಅಂದರೆ ಶಾಲಾ ಬಾಲಕರ ಬರೆಯುವ ಪುಸ್ತಕದಷ್ಟು.

ಕಿಟಕಿಯ ಆಯ್ಕೆ ಆಕಸ್ಮಿಕವಲ್ಲ. ಈ ಫಲಕ ಬೆಳಕನ್ನು ಅತಿ ನಿಧಾನವಾಗಿ ಕುಡಿಯುತ್ತಿತ್ತು. ಸುಮಾರು 8 ಗಂಟೆ ಬೇಕಾಗಿರಬೇಕೆಂದು ಬಹುಕಾಲ ಎಣಿಸಲಾಗಿತ್ತು. ಆ ವಿಧಾನವನ್ನು ಪುನಃ ಮಾಡಿನೋಡಿದ ಇತ್ತೀಚಿನ ಸಂಶೋಧಕರ ಅಭಿಪ್ರಾಯದಲ್ಲಿ ಹಲವು ದಿನಗಳೇ ಹಿಡಿದಿರಬೇಕು. ಅಷ್ಟು ಹೊತ್ತು ಪೆಟ್ಟಿಗೆ ಅಲುಗಬಾರದು, ಮಳೆಗಾಳಿ ತಾಗಬಾರದು, ಎದುರಿನ ವಸ್ತು ಕದಲಬಾರದು. ಇಷ್ಟಕ್ಕೂ ಒದಗುವ ಸ್ಥಳ ಮನೆಯ ಕಿಟಕಿಯಲ್ಲದೆ ಬೇರೆ ಯಾವುದು? ಈ ದೀರ್ಘಾವಧಿಯ ಗುರುತು ಚಿತ್ರದಲ್ಲಿಯೂ ಇದೆ. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸರಿದುದರಿಂದ ಎದುರುಬದುರಿನ ಎರಡು ಗೋಡೆಗಳ ಮೇಲೂ ಬಿಸಿಲು ಬಿದ್ದಂತೆ ಕಾಣುತ್ತದೆ. ಅಂಗಳದಲ್ಲಿ ಜನ ಓಡಾಡಿದ್ದರೂ ಅವರ ಛಾಯೆ ಉಳಿಯಲಿಲ್ಲ.

ಲಂಡನ್ನಿನ ನಿರಾಸೆ

1827ರಲ್ಲಿ ಇಂಗ್ಲೆಂಡಿನಿಂದ ಕ್ಲೋಡ್‌ನ ಕಾಯಿಲೆಯ ಸುದ್ದಿ ಬಂದಿತು. ನೀಪ್ಸ್ ಪತ್ನೀಸಮೇತನಾಗಿ ಹೊರಟ. ಲಂಡನ್ ಸಮೀಪದ ಕ್ಯೂ ಎಂಬಲ್ಲಿ ಆತ ಕಂಡದ್ದು ಬುದ್ಧಿಸ್ಥಿಮಿತ ಕಳೆದುಕೊಂಡ ಅಣ್ಣನನ್ನು. ತಾನಾಗಿ ಸದಾ ಚಲಿಸುವ ಯಂತ್ರವೊಂದರ ಭ್ರಮೆಯಲ್ಲಿ ಕ್ಲೋಡ್ ಮನೆತನದ ಸಂಪತ್ತನ್ನೆಲ್ಲ ಕರಗಿಸಿದ್ದ.

ಈ ದುಃಖದ ನಡುವೆಯೇ ನೀಪ್ಸ್‌ಗೆ ಒಬ್ಬ ಹಿತೈಷಿ ದೊರೆತ. ಕ್ಯೂ ಸಸ್ಯೋದ್ಯಾನದ ಖ್ಯಾತ ಸಸ್ಯಚಿತ್ರಕಾರ ಫ್ರಾನ್ಸಿಸ್ ಬಾವರ್ ಆತನ ಫಲಕಗಳನ್ನು ನೋಡಿ ಬೆರಗಾಗಿ, ಅವನ್ನು ರಾಯಲ್ ಸೊಸೈಟಿಯ ಮುಂದಿಡುವಂತೆ ಪ್ರೋತ್ಸಾಹಿಸಿದ. 1827ರ ಡಿಸೆಂಬರ್ 8ರ ದಿನಾಂಕ ಹಾಕಿ ನೀಪ್ಸ್ ಒಂದು ಟಿಪ್ಪಣಿ ಸಿದ್ಧಪಡಿಸಿದ. ಆದರೆ ಅದರಲ್ಲಿ ವಿಧಾನದ ಗುಟ್ಟನ್ನು ಬಿಚ್ಚಿಡಲಿಲ್ಲ. ಪೂರ್ಣವಾಗಿ ವಿವರಿಸದ ಸಂಶೋಧನೆಯನ್ನು ಸ್ವೀಕರಿಸುವುದು ಆ ವಿದ್ವತ್ ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿತ್ತು. ಟಿಪ್ಪಣಿ ಹಿಂದಕ್ಕೆ ಬಂದಿತು.

ಮನೆತನ ದಿವಾಳಿಯ ಅಂಚಿನಲ್ಲಿದ್ದಾಗ, ಬದುಕಿಗೆ ಆಧಾರವಾಗಬಹುದಾದ ಏಕೈಕ ಆಸ್ತಿಯನ್ನು ಬಿಟ್ಟುಕೊಡಲು ಹಿಂಜರಿದದ್ದು ಸಹಜವೇ. ಆದರೂ ಅಂದು ಆತ ಬಾಯಿ ಬಿಟ್ಟಿದ್ದರೆ ಛಾಯಾಗ್ರಹಣದ ಜನ್ಮವರ್ಷ 1839ರ ಬದಲು 1827 ಎಂದು ದಾಖಲಾಗುತ್ತಿತ್ತೇನೋ. ಊರಿಗೆ ಮರಳುವ ಮುನ್ನ ನೀಪ್ಸ್ ಕಿಟಕಿಯ ನೋಟದ ಫಲಕವನ್ನೂ ಇನ್ನು ಕೆಲವು ಮಾದರಿಗಳನ್ನೂ ಟಿಪ್ಪಣಿಯನ್ನೂ ಬಾವರ್‌ನಿಗೆ ಕೊಟ್ಟುಬಂದ. ಇದು ಪ್ರಕೃತಿಯ ನೋಟವನ್ನು ಶಾಶ್ವತವಾಗಿ ನಿಲ್ಲಿಸಿದ ನೀಪ್ಸ್‌ನ ಮೊದಲ ಯಶಸ್ವಿ ಪ್ರಯೋಗವೆಂದು ಬಾವರ್ ಅದರ ಹಿಂಬದಿಯ ಕಾಗದದ ಮೇಲೆ ಬರೆದಿಟ್ಟ. 1828ರ ಫೆಬ್ರುವರಿಯಲ್ಲಿ ಕ್ಲೋಡ್ ತೀರಿಕೊಂಡ.

ಪಾಲುದಾರ ಡಾಗೇರ್

ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ನೀಪ್ಸ್ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್‌ನನ್ನು ಭೇಟಿಯಾಗಿದ್ದ. ಡಾಗೇರ್ ರಂಗಪರದೆಗಳ ಚಿತ್ರಕಾರ, ಡಯೊರಾಮಾ ಎಂಬ ಜನಪ್ರಿಯ ಪ್ರದರ್ಶನದ ಒಡೆಯ, ಲೋಕವ್ಯವಹಾರದಲ್ಲಿ ನಿಪುಣ. ಆತನೂ ಕ್ಯಾಮೆರಾದ ನೋಟವನ್ನು ಹಿಡಿಯಲು ಹೆಣಗುತ್ತಿದ್ದ. 1826ರಲ್ಲಿ ಆತನ ಮೊದಲ ಪತ್ರ ಬಂದಾಗ ಗುಟ್ಟು ಕದಿಯಲು ಬಂದವನೆಂದು ನೀಪ್ಸ್ ಶಂಕಿಸಿದ್ದ. ಆದರೆ ವಯಸ್ಸು ಅರವತ್ತು ದಾಟಿತ್ತು, ಸಾಲ ಬೆಳೆದಿತ್ತು. 1829ರ ಡಿಸೆಂಬರ್ 14ರಂದು ಇಬ್ಬರೂ 10 ವರ್ಷಗಳ ಪಾಲುದಾರಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು. ರಾಯಲ್ ಸೊಸೈಟಿಗೆ ಹೇಳದ ಗುಟ್ಟನ್ನು ನೀಪ್ಸ್ ಡಾಗೇರ್‌ಗೆ ಹೇಳಿದ.

ಆ ಅವಧಿ ಮುಗಿಯುವುದನ್ನು ನೋಡಲು ನೀಪ್ಸ್ ಬದುಕಿರಲಿಲ್ಲ. 1833ರ ಜುಲೈ 5ರಂದು ಹಠಾತ್ತನೆ ಕೊನೆಯುಸಿರೆಳೆದ. ಆಗ ಆತನಿಗೆ 68 ವರ್ಷ. ಮಗ ಇಸಿದೋರ್ ಪಾಲುದಾರನಾದ. ನೀಪ್ಸ್ ತನ್ನ ಬೆಳ್ಳಿ ಫಲಕಗಳನ್ನು ಕಪ್ಪಾಗಿಸಲು ಅಯೋಡಿನ್ ಬಳಸುತ್ತಿದ್ದ. ಡಾಗೇರ್ ಅದೇ ಅಯೋಡಿನ್ ಮತ್ತು ಬೆಳ್ಳಿಯನ್ನು ಬೇರೊಂದು ಬಗೆಯಲ್ಲಿ ಬಳಸಿ, ಪಾದರಸದ ಆವಿಯಿಂದ ಚಿತ್ರವನ್ನು ಹೊರತರುವ ವಿಧಾನ ಕಂಡುಹಿಡಿದ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಹೊಸ ವಿಧಾನಕ್ಕೆ ಡಾಗೇರ್‌ನ ಹೆಸರು ಮಾತ್ರ ಇರತಕ್ಕದ್ದೆಂಬ ಒಪ್ಪಂದಕ್ಕೆ 1837ರಲ್ಲಿ ಇಸಿದೋರ್ ಒಲ್ಲದ ಮನಸ್ಸಿನಿಂದ ಸಹಿ ಹಾಕಬೇಕಾಯಿತು. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಈ ವಿಧಾನ ಬಹಿರಂಗವಾಯಿತು. ಫ್ರೆಂಚ್ ಸರ್ಕಾರ ಡಾಗೇರ್‌ಗೆ ವರ್ಷಕ್ಕೆ 6,000 ಫ್ರಾಂಕ್, ಇಸಿದೋರ್‌ಗೆ 4,000 ಫ್ರಾಂಕ್ ವಿಶ್ರಾಂತಿ ವೇತನ ನೀಡಿತು. ಜಗತ್ತು ಡಾಗೇರ್‌ನನ್ನು ಕೊಂಡಾಡಿತು. ನೀಪ್ಸ್‌ನ ಹೆಸರು ಹಿಂದೆ ಸರಿಯಿತು. ಆಗ ದೂರದ ಕ್ಯೂನಿಂದ ವೃದ್ಧ ಬಾವರ್ ಪತ್ರಿಕೆಗೆ ಬರೆದು, ತನ್ನ ಬಳಿಯಿದ್ದ ಫಲಕಗಳನ್ನು ಮುಂದಿಟ್ಟು ಗೆಳೆಯನ ಪರ ವಾದಿಸಿದ.

ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಕೂಡ ತನ್ನದೇ ಹಾದಿಯಲ್ಲಿ ಸಾಗುತ್ತ 1835ರ ಆಗಸ್ಟ್‌ನಲ್ಲಿ ಕಾಗದದ ಮೇಲೆ ಪುಟ್ಟ ನೆಗೆಟಿವ್ ಪಡೆದಿದ್ದ. ಆತ ಆಯ್ದುಕೊಂಡದ್ದೂ ಲೇಕಾಕ್ ಅಬಿ ಎಂಬ ತನ್ನ ಮನೆಯ ಕಿಟಕಿಯನ್ನೇ.

ಮರಳಿ ಸಿಕ್ಕ ನೋಟ

1840ರಲ್ಲಿ ಬಾವರ್ ತೀರಿಕೊಂಡ ಬಳಿಕ ಫಲಕ ಕೈಯಿಂದ ಕೈಗೆ ಸಾಗಿತು. 1898ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಕಾಣಿಸಿಕೊಂಡು ಆಮೇಲೆ ಕಣ್ಮರೆಯಾಯಿತು. ಛಾಯಾಗ್ರಹಣದ ಇತಿಹಾಸಕಾರ ಹೆಲ್ಮುಟ್ ಗರ್ನ್‌ಷೈಮ್ ಪಟ್ಟುಬಿಡದೆ ಹುಡುಕಿ, 1952ರಲ್ಲಿ ಅದನ್ನು ಹಳೆಯ ಪೆಟ್ಟಿಗೆಯೊಂದರಿಂದ ಬೆಳಕಿಗೆ ತಂದ. ಮೊದಲ ನೋಟಕ್ಕೆ ಅದು ಬರಿಯ ಕನ್ನಡಿಯಂತೆ ಕಂಡಿತು. ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿದಾಗ ಪಾರಿವಾಳದ ಗೂಡು, ಸೂರು, ಮರ ಮೆಲ್ಲಗೆ ಎದ್ದುನಿಂತವು. ಇಂದು ಪುಸ್ತಕಗಳಲ್ಲಿ ಕಾಣುವ ಸ್ಪಷ್ಟ ಚಿತ್ರವು ಆ ವರ್ಷ ಮಾಡಿಸಿದ ಪ್ರತಿಯನ್ನು ಗರ್ನ್‌ಷೈಮ್ ಬಣ್ಣದಿಂದ ತಿದ್ದಿದ್ದು. ಮೂಲದಲ್ಲಿ ನೋಟ ಇನ್ನೂ ಮಸುಕು. 1963ರಲ್ಲಿ ಗರ್ನ್‌ಷೈಮ್‌ನ ಸಂಗ್ರಹದೊಡನೆ ಫಲಕ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಸೇರಿತು. ಅಲ್ಲಿನ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿ, ಆಮ್ಲಜನಕ ಸೋಕದ ಪೆಟ್ಟಿಗೆಯಲ್ಲಿ ಅದನ್ನು ಕಾಪಾಡಲಾಗಿದೆ.

2020ರಲ್ಲಿ ಸಾಂಕ್ರಾಮಿಕ ರೋಗದಿಂದಾಗಿ ಮನೆಯೊಳಗೆ ಬಂದಿಯಾದ ಜನ ದೇಶದೇಶಗಳಲ್ಲಿ ತಮ್ಮ ಕಿಟಕಿಯಾಚೆಯ ನೋಟಗಳನ್ನು ಮೊಬೈಲಿನಲ್ಲಿ ತೆಗೆದು ಕ್ಷಣಾರ್ಧದಲ್ಲಿ ಪರಸ್ಪರ ಹಂಚಿಕೊಂಡರು. 1816ರಲ್ಲಿ ಅಣ್ಣನಿಗೆ ಅಂಚೆಯಲ್ಲಿ ಮಾಸುವ ಚಿತ್ರಗಳನ್ನು ಕಳುಹಿಸಿದ ನೀಪ್ಸ್ ಬಯಸಿದ್ದೂ ಇದನ್ನೇ. ಬಚ್ಚಿಟ್ಟ ಗುಟ್ಟು ಆತನಿಗೆ ಬದುಕಿದ್ದಾಗ ಹಣವನ್ನೂ ತರಲಿಲ್ಲ, ಸತ್ತ ಮೇಲೆ ಹೆಸರನ್ನೂ ಉಳಿಸಲಿಲ್ಲ. ಆತನ ಹೆಸರನ್ನು ಉಳಿಸಿದ್ದು, ನಿರಾಸೆಯಿಂದ ಊರಿಗೆ ಹಿಂದಿರುಗುವಾಗ ಗೆಳೆಯನ ಕೈಗೆ ಕೊಟ್ಟುಬಂದ ಒಂದು ಲೋಹದ ಫಲಕ. ಲೆ ಗ್ರಾ ಮನೆ ಇಂದಿಗೂ ಇದೆ. ಸಂಶೋಧಕರು ಅಲ್ಲಿ ಆ ಕಿಟಕಿಯ ಸ್ಥಳವನ್ನು ಗುರುತಿಸಿ, ಮನೆಯನ್ನು ನೀಪ್ಸ್‌ನ ಸ್ಮಾರಕವಾಗಿ ಸಾರ್ವಜನಿಕರಿಗೆ ತೆರೆದಿದ್ದಾರೆ.