ಮ್ಯಾಕ್ಸ್ ಬಾರ್ನ್

ಮ್ಯಾಕ್ಸ್ ಬಾರ್ನ್ (11 ಡಿಸೆಂಬರ್ 1882 – 5 ಜನವರಿ 1970) ಜರ್ಮನಿಯಲ್ಲಿ ಹುಟ್ಟಿ ಮುಂದೆ ಬ್ರಿಟಿಷ್ ಪೌರತ್ವ ಪಡೆದ ಭೌತವಿಜ್ಞಾನಿ ಮತ್ತು ಗಣಿತಜ್ಞ. ಕ್ವಾಂಟಮ್ ಬಲವಿಜ್ಞಾನದ ಸ್ಥಾಪಕರಲ್ಲಿ ಒಬ್ಬರು. ತರಂಗ ಫಲನಕ್ಕೆ ಸಂಭವನೀಯತೆಯ ಅರ್ಥವನ್ನು ನೀಡಿದ್ದಕ್ಕಾಗಿ 1954ರಲ್ಲಿ ವಾಲ್ಟರ್ ಬೋಥೆ ಅವರೊಡನೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸ್ಫಟಿಕ ಜಾಲಕಗಳ ಚಲನಶಾಸ್ತ್ರಕ್ಕೆ ತಳಹದಿ ಹಾಕಿದವರೂ ಇವರೇ. ಕೆಲವೇ ನ್ಯಾನೋಮೀಟರ್ ಅಳತೆಯ ಅರೆವಾಹಕ ಸಾಧನಗಳ ವರ್ತನೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವವರು ಇಂದು ಬಳಸುವ ಹಲವು ಉಪಕರಣಗಳಿಗೆ ಇವರ ಹೆಸರೇ ಇದೆ. 1935–36ರಲ್ಲಿ ಇವರು ಸುಮಾರು ಆರು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು ಎಂಬುದು ಕನ್ನಡ ಓದುಗರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬಾರ್ನ್ ಅವರು ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ (ಇಂದು ಪೋಲೆಂಡಿನ ವ್ರೊಟ್ಸ್ವಾಫ್) ಯಹೂದಿ ಮನೆತನದಲ್ಲಿ ಜನಿಸಿದರು. ತಂದೆ ಗುಸ್ತಾವ್ ಬಾರ್ನ್ ಅಂಗರಚನಾಶಾಸ್ತ್ರ ಮತ್ತು ಭ್ರೂಣಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಮಾರ್ಗರೆಟೆ ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತೀರಿಕೊಂಡರು. ಬ್ರೆಸ್ಲಾವ್, ಹೈಡೆಲ್‌ಬರ್ಗ್, ಜ್ಯೂರಿಕ್ ವಿಶ್ವವಿದ್ಯಾಲಯಗಳಲ್ಲಿ ಓದಿ ಕೊನೆಗೆ ಗಣಿತದ ತವರೆನಿಸಿದ್ದ ಗಾಟಿಂಗೆನ್‌ಗೆ ಬಂದರು. ಅಲ್ಲಿ ಡೇವಿಡ್ ಹಿಲ್ಬರ್ಟ್, ಫೆಲಿಕ್ಸ್ ಕ್ಲೈನ್, ಹರ್ಮನ್ ಮಿಂಕೋವ್‌ಸ್ಕಿ ಅವರಂಥ ಗುರುಗಳು ದೊರೆತರು. ಹಿಲ್ಬರ್ಟ್ ಅವರ ಉಪನ್ಯಾಸಗಳನ್ನು ಬರೆದಿಡುವ ಕೆಲಸವೂ ಇವರಿಗೆ ಸಿಕ್ಕಿತು. ಬಾಗುವ ಸ್ಥಿತಿಸ್ಥಾಪಕ ಪಟ್ಟಿಗಳ ಸ್ಥಿರತೆಯನ್ನು ಕುರಿತ ಪ್ರಬಂಧಕ್ಕೆ 1906ರಲ್ಲಿ ಡಾಕ್ಟರೇಟ್ ಲಭಿಸಿತು. 1913ರಲ್ಲಿ ಹೆಡ್ವಿಗ್ ಎರೆನ್‌ಬರ್ಗ್ ಅವರನ್ನು ವಿವಾಹವಾದರು. ಇವರಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಪ್ರಸಿದ್ಧ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಇವರ ಹಿರಿಯ ಮಗಳು ಐರೀನ್ ಅವರ ಪುತ್ರಿ.

ಸ್ಫಟಿಕ ಜಾಲಕಗಳ ಅಧ್ಯಯನ

1912ರಲ್ಲಿ ಬಾರ್ನ್ ಮತ್ತು ಥಿಯೊಡೋರ್ ಫಾನ್ ಕಾರ್ಮನ್ ಸೇರಿ ಸ್ಫಟಿಕದಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದನ್ನು ಲೆಕ್ಕ ಹಾಕಿದರು. ಸ್ಫಟಿಕದಲ್ಲಿ ಎಣಿಕೆಗೆ ಸಿಗದಷ್ಟು ಪರಮಾಣುಗಳಿರುವುದರಿಂದ ಅದರ ಅಂಚಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಲೆಕ್ಕವನ್ನು ಕಗ್ಗಂಟಾಗಿಸುತ್ತದೆ. ಇವರು ಕಂಡುಕೊಂಡ ಉಪಾಯ ಸರಳವಾದುದು. ಪರಮಾಣುಗಳ ಸಾಲನ್ನು ಜಪಮಾಲೆಯಂತೆ ಭಾವಿಸಿ ಕೊನೆಯ ಮಣಿಯನ್ನು ಮೊದಲನೆಯದಕ್ಕೆ ಪೋಣಿಸಿಬಿಟ್ಟರೆ ಅಂಚೇ ಇರುವುದಿಲ್ಲ. ಬಾರ್ನ್–ಫಾನ್ ಕಾರ್ಮನ್ ನಿಬಂಧನೆ ಎಂದು ಹೆಸರಾದ ಈ ಉಪಾಯ ಇಂದಿಗೂ ಘನಸ್ಥಿತಿ ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಬರುತ್ತದೆ. ಜಾಲಕ ಚಲನಶಾಸ್ತ್ರವನ್ನು ಕುರಿತ ಇವರ ಮೊದಲ ಗ್ರಂಥ 1915ರಲ್ಲಿ ಹೊರಬಂದಿತು. ಅಯಾನಿಕ ಹರಳುಗಳ ಜಾಲಕ ಶಕ್ತಿಯನ್ನು ಕಂಡುಹಿಡಿಯುವ, ಪದವಿಪೂರ್ವ ತರಗತಿಯ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಬಾರ್ನ್–ಹೇಬರ್ ಚಕ್ರವೂ ಇದೇ ಕಾಲದ ಚಿಂತನೆಯ ಫಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನಲ್ಲಿದ್ದ ಬಾರ್ನ್ ಅವರಿಗೆ ಐನ್‌ಸ್ಟೈನರ ಗಾಢ ಸ್ನೇಹ ದೊರೆಯಿತು. ಆ ಸ್ನೇಹ ಮುಂದೆ ನಾಲ್ಕು ದಶಕಗಳ ಪತ್ರವ್ಯವಹಾರವಾಗಿ ಬೆಳೆಯಿತು. 1919ರಲ್ಲಿ ಫ್ರಾಂಕ್‌ಫರ್ಟಿಗೆ ಹೋದರು. ಅಲ್ಲಿ ಆಟೋ ಸ್ಟರ್ನ್ ನಡೆಸುತ್ತಿದ್ದ ಪ್ರಯೋಗಗಳಿಗೆ ಹಣ ಸಾಲದಾದಾಗ ಸಾಪೇಕ್ಷತಾ ಸಿದ್ಧಾಂತದ ಮೇಲೆ ಸಾರ್ವಜನಿಕ ಉಪನ್ಯಾಸ ಕೊಟ್ಟು ಪ್ರವೇಶಧನದಿಂದ ನೆರವಾದರು.

ಗಾಟಿಂಗೆನ್ ಮತ್ತು ಕ್ವಾಂಟಮ್ ಬಲವಿಜ್ಞಾನ

1921ರಲ್ಲಿ ಬಾರ್ನ್ ಗಾಟಿಂಗೆನ್‌ನಲ್ಲಿ ಪ್ರಾಧ್ಯಾಪಕರಾದರು. ವೊಲ್ಫ್‌ಗಾಂಗ್ ಪೌಲಿ, ವರ್ನರ್ ಹೈಸನ್‌ಬರ್ಗ್ ಅವರ ಸಹಾಯಕರಾಗಿದ್ದರು. ರಾಬರ್ಟ್ ಒಪನ್‌ಹೈಮರ್, ಮರಿಯಾ ಗೆಪರ್ಟ್, ಮ್ಯಾಕ್ಸ್ ಡೆಲ್‌ಬ್ರುಕ್ ಅವರಲ್ಲಿ ಡಾಕ್ಟರೇಟ್ ಪಡೆದರು. ಒಬ್ಬ ಅಧ್ಯಾಪಕನ ಕೈಕೆಳಗೆ ಇಷ್ಟು ಮಂದಿ ಪ್ರತಿಭಾವಂತರು ಬೆಳೆದ ಉದಾಹರಣೆಗಳು ವಿಜ್ಞಾನದ ಚರಿತ್ರೆಯಲ್ಲಿ ವಿರಳ. ಕ್ವಾಂಟಮ್ ಬಲವಿಜ್ಞಾನ ಎಂಬ ಹೆಸರನ್ನು ಬಾರ್ನ್ ಅವರೇ 1924ರ ತಮ್ಮ ಲೇಖನದ ಶೀರ್ಷಿಕೆಯಲ್ಲಿ ಬಳಸಿದರು, ಆ ವಿಜ್ಞಾನವಾದರೋ ಆಗ ಇನ್ನೂ ಹುಟ್ಟಿರಲಿಲ್ಲ.

1925ರ ಜುಲೈನಲ್ಲಿ ಹೈಸನ್‌ಬರ್ಗ್ ತಾವು ಬರೆದ ಲೇಖನವೊಂದನ್ನು ಗುರುಗಳಿಗೆ ಒಪ್ಪಿಸಿದರು. ಅದರಲ್ಲಿ ಎರಡು ಪರಿಮಾಣಗಳನ್ನು ಗುಣಿಸುವ ವಿಚಿತ್ರ ನಿಯಮವೊಂದಿತ್ತು. ಗುಣಿಸುವ ಕ್ರಮವನ್ನು ತಿರುವು ಮುರುವು ಮಾಡಿದರೆ ಉತ್ತರವೇ ಬದಲಾಗುತ್ತಿತ್ತು. ಇದು ಮಾತೃಕೆಗಳ ಗುಣಾಕಾರವಲ್ಲದೆ ಬೇರೆಯಲ್ಲ ಎಂದು ಬಾರ್ನ್ ಗುರುತಿಸಿದರು. ಬ್ರೆಸ್ಲಾವ್‌ನಲ್ಲಿ ರೊಸಾನೆಸ್ ಎಂಬ ಅಧ್ಯಾಪಕರಿಂದ ಅವರು ಆ ಗಣಿತವನ್ನು ಕಲಿತಿದ್ದರು. ಹೈಸನ್‌ಬರ್ಗರಿಗೆ ಅದರ ಪರಿಚಯವೇ ಇರಲಿಲ್ಲ. ಬಾರ್ನ್ ತಮ್ಮ ಶಿಷ್ಯ ಪಾಸ್ಕುವಲ್ ಯೋರ್ಡಾನ್ ಅವರೊಡನೆ, ಅನಂತರ ಮೂವರೂ ಜೊತೆಗೂಡಿ ಬರೆದ ಲೇಖನಗಳಿಂದ ಹೊಸ ಬಲವಿಜ್ಞಾನಕ್ಕೆ ಗಟ್ಟಿಯಾದ ಗಣಿತರೂಪ ದೊರೆಯಿತು.

ಮರುವರ್ಷ ಶ್ರೋಡಿಂಗರ್ ಅವರ ತರಂಗ ಸಮೀಕರಣ ಪ್ರಕಟವಾಯಿತು. ಆದರೆ ಆ ತರಂಗವೆಂದರೆ ಏನು? ಎಲೆಕ್ಟ್ರಾನೇ ಮೋಡದಂತೆ ಹರಡಿಕೊಂಡಿದೆ ಎಂದು ಶ್ರೋಡಿಂಗರ್ ನಂಬಿದ್ದರು. ಕಣಗಳ ಘರ್ಷಣೆಯನ್ನು ಲೆಕ್ಕ ಹಾಕುತ್ತಿದ್ದ ಬಾರ್ನ್, ತರಂಗದ ಪ್ರಮಾಣದ ವರ್ಗವು ಕಣ ಒಂದು ಸ್ಥಳದಲ್ಲಿ ಸಿಗುವ ಸಂಭವನೀಯತೆಯನ್ನು ಸೂಚಿಸುತ್ತದೆ ಎಂದು 1926ರಲ್ಲಿ ತೋರಿಸಿದರು. ವರ್ಗ ಮಾಡಬೇಕೆಂಬ ಮುಖ್ಯ ಮಾತು ಆ ಲೇಖನದಲ್ಲಿ ಅಡಿಟಿಪ್ಪಣಿಯಾಗಿ ಸೇರಿದೆ. ಕ್ಲಿಷ್ಟವಾದ ಚದರಿಕೆಯನ್ನು ಮೊದಲ ಅಂದಾಜಿನಲ್ಲಿ ಲೆಕ್ಕ ಹಾಕುವ ಬಾರ್ನ್ ಸನ್ನಿಹಿತ ವಿಧಾನವೂ ಅದೇ ಕೆಲಸದಿಂದ ಬಂದಿತು. ಪ್ರಕೃತಿಯ ಮೂಲದಲ್ಲಿಯೇ ಆಕಸ್ಮಿಕತೆಯಿದೆ ಎಂಬ ಈ ನಿಲುವನ್ನು ಗೆಳೆಯ ಐನ್‌ಸ್ಟೈನ್ ಕೊನೆಯವರೆಗೂ ಒಪ್ಪಲಿಲ್ಲ. 1927ರಲ್ಲಿ ಒಪನ್‌ಹೈಮರ್ ಅವರೊಡನೆ, ಭಾರವಾದ ಪರಮಾಣು ಬೀಜಗಳ ಮತ್ತು ಹಗುರವಾದ ಎಲೆಕ್ಟ್ರಾನುಗಳ ಚಲನೆಯನ್ನು ಬೇರ್ಪಡಿಸಿ ನೋಡುವ ವಿಧಾನವನ್ನು ರೂಪಿಸಿದರು.

ಈ ವರ್ಷಗಳ ಒಂದು ಸಣ್ಣ ಘಟನೆ ಉಲ್ಲೇಖಾರ್ಹ. ಬಾರ್ನ್ 1925ರ ಕೊನೆಯಲ್ಲಿ ಅಮೆರಿಕಾ ಪ್ರವಾಸಕ್ಕೆ ಹೊರಟಾಗ ಯೋರ್ಡಾನ್ ತಮ್ಮ ಹೊಸ ಲೇಖನವನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಅವರ ಕೈಗೆ ಕೊಟ್ಟರು. ಅದು ಪೆಟ್ಟಿಗೆಯ ತಳಕ್ಕೆ ಸೇರಿ ಮರೆತೇಹೋಯಿತು. ತಿಂಗಳುಗಳ ನಂತರ ಕಣ್ಣಿಗೆ ಬೀಳುವಷ್ಟರಲ್ಲಿ ಅದೇ ಫಲಿತಾಂಶವನ್ನು ಎನ್ರಿಕೊ ಫರ್ಮಿ ಪ್ರಕಟಿಸಿಯಾಗಿತ್ತು. ಅರೆವಾಹಕಗಳಲ್ಲಿ ಎಲೆಕ್ಟ್ರಾನುಗಳ ಹಂಚಿಕೆಯನ್ನು ನಿರ್ಧರಿಸುವ ಫರ್ಮಿ–ಡಿರಾಕ್ ಸಂಖ್ಯಾಶಾಸ್ತ್ರವೇ ಅದು. ಯೋರ್ಡಾನ್ ಅವರ ಹೆಸರು ಅದರಲ್ಲಿ ಇಲ್ಲದಿರುವುದಕ್ಕೆ ಬಾರ್ನ್ ಮುಂದೆ ಬಹಳ ಪರಿತಪಿಸಿದರು.

ನೊಬೆಲ್ ಸಮಿತಿ ಇಂಥದೇ ಅನ್ಯಾಯವನ್ನು ಬಾರ್ನ್ ಅವರಿಗೂ ಮಾಡಿತೆನ್ನಬಹುದು. 1932ರ ಪ್ರಶಸ್ತಿ ಹೈಸನ್‌ಬರ್ಗ್ ಒಬ್ಬರಿಗೇ ಸಂದಿತು. ಮೂವರ ಕೆಲಸಕ್ಕೆ ತಾನೊಬ್ಬನೇ ಪ್ರಶಸ್ತಿ ಪಡೆದುದು ಮನಸ್ಸನ್ನು ಚುಚ್ಚುತ್ತಿದೆ ಎಂದು ಹೈಸನ್‌ಬರ್ಗ್ ಗುರುಗಳಿಗೆ ಪತ್ರ ಬರೆದರು. ಆ ವೇಳೆಗೆ ಗುರುಗಳು ದೇಶವನ್ನೇ ತೊರೆದಿದ್ದರು.

ದೇಶಭ್ರಷ್ಟತೆ

1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರದ ಹೊಸ ಕಾನೂನಿನಂತೆ ಬಾರ್ನ್ ಅವರನ್ನು ಹುದ್ದೆಯಿಂದ ಅಮಾನತುಗೊಳಿಸಲಾಯಿತು. ಅವರು ಲೂಥರನ್ ಪಂಥವನ್ನು ಸ್ವೀಕರಿಸಿ ಎರಡು ದಶಕಗಳಾಗುತ್ತ ಬಂದಿದ್ದರೂ ಹುಟ್ಟನ್ನಷ್ಟೇ ನೋಡುವ ಸರ್ಕಾರಕ್ಕೆ ಅದು ಲೆಕ್ಕಕ್ಕಿರಲಿಲ್ಲ. ಸಂಸಾರದೊಡನೆ ಇಟಲಿಯ ದಕ್ಷಿಣ ಟಿರೋಲ್‌ಗೆ, ಅಲ್ಲಿಂದ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಲಿಯೊಪೋಲ್ಡ್ ಇನ್‌ಫೆಲ್ಡ್ ಅವರೊಡನೆ ವಿದ್ಯುತ್ಕಾಂತ ಕ್ಷೇತ್ರದ ಹೊಸ ಸಿದ್ಧಾಂತವೊಂದನ್ನು ರಚಿಸಿದರು. ಕೇಂಬ್ರಿಜ್‌ನ ಹುದ್ದೆಯಾದರೋ ತಾತ್ಕಾಲಿಕವಾದುದು.

ಬೆಂಗಳೂರಿನಲ್ಲಿ

ಸರ್ ಸಿ. ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಜರ್ಮನಿಯಿಂದ ಹೊರದೂಡಲ್ಪಟ್ಟ ವಿದ್ವಾಂಸರನ್ನು ಬೆಂಗಳೂರಿಗೆ ಕರೆತಂದರೆ ಇಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಬೇರೂರುತ್ತದೆ ಎಂಬುದು ಅವರ ಆಲೋಚನೆ. ಅವರ ಆಹ್ವಾನದ ಮೇರೆಗೆ ಬಾರ್ನ್ ದಂಪತಿಗಳು 1935ರ ಶರತ್ಕಾಲದಲ್ಲಿ ಬೆಂಗಳೂರಿಗೆ ಬಂದು ಸಂಸ್ಥೆಯ ಆವರಣದಲ್ಲಿ ವಾಸವಾದರು. ಅದು ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾಗಿದ್ದ ಕಾಲ. ಊರು ಚಿಕ್ಕದು. ದಕ್ಷಿಣದಲ್ಲಿ ಇಂದಿನ ಜಯನಗರ, ಬನಶಂಕರಿ, ಶ್ರೀನಗರ ಬಡಾವಣೆಗಳು ಇನ್ನೂ ಹುಟ್ಟಿರಲಿಲ್ಲ.

ಬಾರ್ನ್ ಅವರಿಗೆ ಈ ಸ್ಥಳ ಹಿಡಿಸಿತು. ಪಾಠ ಮಾಡಿದರು, ಯುವ ಸಂಶೋಧಕರೊಡನೆ ಚರ್ಚಿಸಿದರು. ರಾಮನ್ ಅವರ ಶಿಷ್ಯರಾಗಿದ್ದ ಎನ್. ಎಸ್. ನಾಗೇಂದ್ರನಾಥ್ ಅವರೊಡನೆ ಬೆಳಕಿನ ನ್ಯೂಟ್ರಿನೋ ಸಿದ್ಧಾಂತವನ್ನು ಕುರಿತು ಬರೆದ ಲೇಖನ 1936ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟವಾಯಿತು. ರಾಮನ್ ಇವರಿಗಾಗಿ ಕಾಯಂ ಪ್ರಾಧ್ಯಾಪಕ ಹುದ್ದೆಯೊಂದನ್ನು ಸೃಷ್ಟಿಸಲು ಪ್ರಯತ್ನಿಸಿದರು. ಬಾರ್ನ್ ಕೂಡ ಇಲ್ಲಿಯೇ ನೆಲೆಸಲು ಸಿದ್ಧರಿದ್ದರು.

ಈ ಪ್ರಸ್ತಾಪ ಪ್ರಾಧ್ಯಾಪಕರ ಸಭೆಯ ಮುಂದೆ ಬಂದಾಗ ನಡೆದುದನ್ನು ಬಾರ್ನ್ ಮುಂದೆ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ರಾಮನ್ ಸಭೆಯಲ್ಲಿ ಅವರನ್ನು ಮುಕ್ತಕಂಠದಿಂದ ಹೊಗಳಿದರು. ಆಗ ಆಗತಾನೇ ಇಂಗ್ಲೆಂಡಿನಿಂದ ಬಂದಿದ್ದ ವಿದ್ಯುತ್ ತಂತ್ರಜ್ಞಾನದ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಹೊರದಬ್ಬಲ್ಪಟ್ಟ ಎರಡನೆಯ ದರ್ಜೆಯ ವಿದೇಶೀಯನೊಬ್ಬ ಈ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥದ ಮಾತನ್ನು ಬಾರ್ನ್ ಅವರ ಎದುರಿನಲ್ಲಿಯೇ ಆಡಿದರು. ಮನೆಗೆ ಬಂದ ಬಾರ್ನ್ ಪತ್ನಿಯ ಮುಂದೆ ಅತ್ತುಬಿಟ್ಟರು. ಜಗತ್ತಿನ ಶ್ರೇಷ್ಠ ಭೌತವಿಜ್ಞಾನಿಗಳಿಗೆ ಗುರುವಾಗಿದ್ದ, ಐವತ್ತು ದಾಟಿದ ವ್ಯಕ್ತಿಗೆ ಬೆಂಗಳೂರಿನಲ್ಲಿ ಆದ ಈ ಅವಮಾನವನ್ನು ಓದುವಾಗ ಇಂದೂ ಸಂಕೋಚವಾಗುತ್ತದೆ. ಪ್ರಸ್ತಾಪ ಬಿದ್ದುಹೋಯಿತು. ಸಂಸ್ಥೆಯೊಳಗೆ ರಾಮನ್ ಅವರ ಆಡಳಿತದ ಬಗ್ಗೆ ಬೆಳೆಯುತ್ತಿದ್ದ ಅಸಮಾಧಾನಕ್ಕೆ ಈ ನೇಮಕದ ಪ್ರಯತ್ನವೂ ಒಂದು ಕಾರಣವಾಗಿ, 1937ರಲ್ಲಿ ಅವರು ನಿರ್ದೇಶಕ ಹುದ್ದೆಯನ್ನು ಬಿಡಬೇಕಾಯಿತು. ಭೌತಶಾಸ್ತ್ರ ವಿಭಾಗದ ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಮುಂದುವರಿದರು.

ಎಡಿನ್‌ಬರೊ ಮತ್ತು ರಾಮನ್ ಅವರೊಡನೆ ವಿವಾದ

1936ರಲ್ಲಿ ಬಾರ್ನ್ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಟೇಟ್ ಪೀಠದ ಪ್ರಾಧ್ಯಾಪಕರಾಗಿ ನೇಮಕಗೊಂಡು 1953ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿದ್ದರು. ಎರಡನೆಯ ಮಹಾಯುದ್ಧ ಆರಂಭವಾಗುವ ಹಿಂದಿನ ದಿನ, 31 ಆಗಸ್ಟ್ 1939ರಂದು, ಬ್ರಿಟಿಷ್ ಪೌರತ್ವ ದೊರೆಯಿತು. ಅಣುಬಾಂಬಿನ ಕೆಲಸದಿಂದ ದೂರವೇ ಉಳಿದರು.

ಬೆಂಗಳೂರಿನಲ್ಲಿ ಆಶ್ರಯ ಕೊಡಲು ಹೋರಾಡಿದ ರಾಮನ್ ಅವರೇ 1940ರ ದಶಕದಲ್ಲಿ ಬಾರ್ನ್ ಅವರ ಜಾಲಕ ಸಿದ್ಧಾಂತದ ಕಟು ವಿಮರ್ಶಕರಾದರು. ಸ್ಫಟಿಕದ ಕಂಪನಗಳು ಕೆಲವೇ ನಿರ್ದಿಷ್ಟ ಆವೃತ್ತಿಗಳಲ್ಲಿ ಇರುತ್ತವೆ, ಬಾರ್ನ್ ಹೇಳುವಂತೆ ನಿರಂತರವಾಗಿ ಹರಡಿರುವುದಿಲ್ಲ ಎಂಬುದು ರಾಮನ್ ಅವರ ವಾದ. ವಜ್ರದ ರೋಹಿತದಲ್ಲಿ ಕಂಡ ಚೂಪಾದ ಗೆರೆಗಳನ್ನು ಅವರು ಇದಕ್ಕೆ ಆಧಾರವಾಗಿ ತೋರಿಸಿದರು. ಬಾರ್ನ್ ಅವರ ಶಿಷ್ಯೆ ಹೆಲೆನ್ ಸ್ಮಿತ್ 1948ರಲ್ಲಿ ಪ್ರಕಟಿಸಿದ ದೀರ್ಘ ಲೆಕ್ಕಾಚಾರವು ವಜ್ರದ ರೋಹಿತವನ್ನು ಬಾರ್ನ್ ಸಿದ್ಧಾಂತದಿಂದಲೇ ವಿವರಿಸಬಹುದೆಂದು ತೋರಿಸಿತು. 1950ರ ದಶಕದಲ್ಲಿ ನ್ಯೂಟ್ರಾನುಗಳನ್ನು ಹಾಯಿಸಿ ಕಂಪನಗಳನ್ನು ನೇರವಾಗಿ ಅಳೆಯಲು ಸಾಧ್ಯವಾದ ಮೇಲೆ ವಾದ ಬಾರ್ನ್ ಅವರ ಪರವಾಗಿ ಇತ್ಯರ್ಥವಾಯಿತು. ರಾಮನ್ ತಮ್ಮ ನಿಲುವನ್ನು ಬಿಡಲಿಲ್ಲ. ಇಬ್ಬರೂ 1970ರಲ್ಲಿಯೇ ತೀರಿಕೊಂಡರು, ಬಾರ್ನ್ ವರ್ಷದ ಆರಂಭದಲ್ಲಿ, ರಾಮನ್ ನವೆಂಬರಿನಲ್ಲಿ.

ಚೀನಾದ ಹ್ವಾಂಗ್ ಕುನ್ ಅವರೊಡನೆ ಬರೆದ ಸ್ಫಟಿಕ ಜಾಲಕಗಳ ಚಲನ ಸಿದ್ಧಾಂತದ ಗ್ರಂಥ 1954ರಲ್ಲಿ ಹೊರಬಂದಿತು. ಹ್ವಾಂಗ್ ಸ್ವದೇಶಕ್ಕೆ ಮರಳಿ ಚೀನಾದ ಅರೆವಾಹಕ ವಿಜ್ಞಾನದ ಹಿರಿಯರೆನಿಸಿದರು. ಎಮಿಲ್ ವುಲ್ಫ್ ಅವರೊಡನೆ ರಚಿಸಿದ ದ್ಯುತಿಶಾಸ್ತ್ರದ ಗ್ರಂಥ (1959) ಇಂದಿಗೂ ಪ್ರಮಾಣಗ್ರಂಥ.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ದಂಪತಿಗಳು ಜರ್ಮನಿಯ ಬಾಡ್ ಪಿರ್ಮಾಂಟ್‌ನಲ್ಲಿ ನೆಲೆಸಿದರು. ತಮ್ಮನ್ನು ಹೊರಗಟ್ಟಿದ ದೇಶಕ್ಕೆ ಹಿಂದಿರುಗಿದ್ದು ಐನ್‌ಸ್ಟೈನ್ ಅವರಿಗೆ ಸರಿಬರಲಿಲ್ಲ. ನೊಬೆಲ್ ಪ್ರಶಸ್ತಿ ಬಂದದ್ದು ಇಲ್ಲಿಗೆ, ಕೆಲಸ ನಡೆದು 28 ವರ್ಷಗಳಾದ ಮೇಲೆ. ಪರಮಾಣು ಅಸ್ತ್ರಗಳ ವಿರುದ್ಧದ 1955ರ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೂ, ಜರ್ಮನಿ ಅಂಥ ಅಸ್ತ್ರ ಹೊಂದಬಾರದೆಂದು 1957ರಲ್ಲಿ 18 ವಿಜ್ಞಾನಿಗಳು ಹೊರಡಿಸಿದ ಹೇಳಿಕೆಗೂ ಸಹಿ ಹಾಕಿದರು. ಗಾಟಿಂಗೆನ್‌ನಲ್ಲಿ ನಿಧನರಾದ ಅವರ ಸಮಾಧಿಯ ಕಲ್ಲಿನ ಮೇಲೆ, ಸ್ಥಾನ ಮತ್ತು ಸಂವೇಗಗಳ ಗುಣಾಕಾರದ ಕ್ರಮ ಬದಲಾದರೆ ಆಗುವ ವ್ಯತ್ಯಾಸವನ್ನು ಹೇಳುವ 1925ರ ಸಮೀಕರಣವನ್ನು ಕೆತ್ತಲಾಗಿದೆ.

ನ್ಯಾನೋ ಅರೆವಾಹಕ ಸಾಧನಗಳಲ್ಲಿ ಬಾರ್ನ್ ವಿಧಾನಗಳು

ದೊಡ್ಡ ಗಾತ್ರದ ಟ್ರಾನ್ಸಿಸ್ಟರಿನಲ್ಲಿ ಎಲೆಕ್ಟ್ರಾನುಗಳನ್ನು ಕೊಳವೆಯಲ್ಲಿ ಹರಿಯುವ ದ್ರವದಂತೆ ಭಾವಿಸಿ ಲೆಕ್ಕ ಹಾಕಬಹುದು. ಸಾಧನ ಕೆಲವು ನ್ಯಾನೋಮೀಟರಿಗೆ ಇಳಿದಾಗ ಈ ಕಲ್ಪನೆ ಸಾಲದು. ಸಿಲಿಕಾನ್ ಸ್ಫಟಿಕದ ಒಂದು ಘಟಕಕೋಶದ ಅಂಚು 0.543 ನ್ಯಾನೋಮೀಟರ್. ಆದ್ದರಿಂದ 5 ನ್ಯಾನೋಮೀಟರ್ ದಪ್ಪದ ಪದರದಲ್ಲಿ ಅಂಥ ಕೋಶಗಳು ಹತ್ತೂ ಇರುವುದಿಲ್ಲ. ಇಲ್ಲಿ ಎಲೆಕ್ಟ್ರಾನ್ ತರಂಗದಂತೆ ವರ್ತಿಸುತ್ತದೆ. ಎಂಜಿನಿಯರರು ಶ್ರೋಡಿಂಗರ್ ಸಮೀಕರಣವನ್ನು ಬಿಡಿಸಿ, ಬಾರ್ನ್ ನಿಯಮದಂತೆ ತರಂಗ ಫಲನದ ವರ್ಗದಿಂದ ಎಲ್ಲಿ ಎಷ್ಟು ವಿದ್ಯುದಂಶವಿದೆ ಎಂದು ಕಂಡುಕೊಳ್ಳುತ್ತಾರೆ. ಆ ವಿದ್ಯುದಂಶದಿಂದ ವಿಭವ ಬದಲಾಗುತ್ತದೆ, ಬದಲಾದ ವಿಭವದಿಂದ ತರಂಗವೂ ಬದಲಾಗುತ್ತದೆ. ಎರಡೂ ಹೊಂದಿಕೊಳ್ಳುವವರೆಗೆ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು.

ಟ್ರಾನ್ಸಿಸ್ಟರಿನ ಗೇಟ್ ಕೆಳಗಿನ ನಿರೋಧಕ ಪದರವನ್ನು 1.2 ನ್ಯಾನೋಮೀಟರಿಗೆ ಇಳಿಸಿದಾಗ ಎಲೆಕ್ಟ್ರಾನುಗಳು ಗೋಡೆಯನ್ನು ಹತ್ತದೆಯೇ ಅದರ ಮೂಲಕ ಆಚೆ ಹಾಯ್ದವು. ಸುರಂಗ ಪರಿಣಾಮವೆಂದು ಕರೆಯಲಾಗುವ ಈ ಸೋರಿಕೆಯನ್ನು ತಡೆಯಲು 2007ರಲ್ಲಿ ಇಂಟೆಲ್ ಸಂಸ್ಥೆ ಹ್ಯಾಫ್ನಿಯಮ್ ಆಧಾರಿತ, ದಪ್ಪವಾದ ಪದರಕ್ಕೆ ಬದಲಾಯಿತು. ಈ ಪರಿಣಾಮದ ಚರಿತ್ರೆಯಲ್ಲೂ ಗಾಟಿಂಗೆನ್ ಬಳಗದ ಹೆಸರುಗಳೇ ಬರುತ್ತವೆ. 1927ರಲ್ಲಿ ಅಣುಗಳಲ್ಲಿ ಇದನ್ನು ಮೊದಲು ಗುರುತಿಸಿದ ಫ್ರೀಡ್ರಿಕ್ ಹುಂಡ್ ಬಾರ್ನ್ ಅವರ ಸಹಾಯಕರಾಗಿದ್ದವರು. ಲೋಹದಿಂದ ಎಲೆಕ್ಟ್ರಾನ್ ಹೀಗೆ ಹೊರಬರುವುದನ್ನು 1928ರಲ್ಲಿ ಫೌಲರ್ ಅವರೊಡನೆ ಲೆಕ್ಕ ಹಾಕಿದ ಲೋಥರ್ ನಾರ್ಡ್‌ಹೈಮ್ ಅವರ ಶಿಷ್ಯ. ಪೆನ್ ಡ್ರೈವ್ ಮತ್ತು ಮೊಬೈಲ್‌ಗಳ ಫ್ಲ್ಯಾಶ್ ಸ್ಮೃತಿಯಲ್ಲಿ ಮಾಹಿತಿ ಬರೆಯುವಾಗ ವಿದ್ಯುದಂಶ ಒಳಸೇರುವುದು ಫೌಲರ್–ನಾರ್ಡ್‌ಹೈಮ್ ಸುರಂಗದ ಮೂಲಕವೇ.

ಎಲೆಕ್ಟ್ರಾನ್ ದಾರಿಯಲ್ಲಿ ಬೆರಕೆ ಪರಮಾಣುಗಳಿಗೆ ಡಿಕ್ಕಿ ಹೊಡೆದು ಚದರುವ ಪ್ರಮಾಣವನ್ನು ಬಾರ್ನ್ ಸನ್ನಿಹಿತದಿಂದ ಅಂದಾಜು ಮಾಡುತ್ತಾರೆ. ಕಂಪಿಸುವ ಜಾಲಕಕ್ಕೆ ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ಕಳೆದುಕೊಂಡು ಚಿಪ್ ಬಿಸಿಯಾಗುವುದನ್ನು ಲೆಕ್ಕ ಹಾಕಲು, ಫಲಿತಾಂಶವನ್ನೇ ಮತ್ತೆ ಮತ್ತೆ ಒಳಗೆ ಹಾಕಿ ಹೊಂದಿಸುವ ಸ್ವಸಂಗತ ಬಾರ್ನ್ ಸನ್ನಿಹಿತ ಬೇಕಾಗುತ್ತದೆ. ಸಾಧನದ ಒಂದೊಂದು ಪರಮಾಣುವನ್ನೂ ಗಣನೆಗೆ ತೆಗೆದುಕೊಳ್ಳುವ ಈ ಮಾದರಿಗಳಲ್ಲಿ ಹೆಚ್ಚು ಕಾಲ ಹಿಡಿಯುವ ಹಂತಗಳಲ್ಲಿ ಇದೂ ಒಂದು.