ಗಾಜಿನ ಮನೆಯ ಜೂಲಿಯಾ: ಬದುಕಿದ್ದಾಗ ನಷ್ಟ, ಕಾಲಾನಂತರ ಗ್ರಂಥ

ಲಂಡನ್ನಿನ ಹೋಗಾರ್ತ್ ಪ್ರೆಸ್ 1926ರಲ್ಲಿ ಒಂದು ಛಾಯಾಚಿತ್ರ ಸಂಪುಟವನ್ನು ಹೊರತಂದಿತು. ವಿಕ್ಟೋರಿಯಾ ಯುಗದ ಖ್ಯಾತ ಪುರುಷರು ಹಾಗೂ ಸುಂದರ ಸ್ತ್ರೀಯರ ಭಾವಚಿತ್ರಗಳಿದ್ದ ಆ ಕೃತಿಯ ಕೇವಲ 450 ಪ್ರತಿಗಳು ಅಚ್ಚಾದವು. ಇಂದು ಅದು ಪುಸ್ತಕ ಸಂಗ್ರಾಹಕರು ಅರಸಿ ಕೊಳ್ಳುವ ಅಪರೂಪದ ಗ್ರಂಥ. ಚಿತ್ರಗಳನ್ನು ತೆಗೆದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ತೀರಿಕೊಂಡು ಆಗಲೇ 47 ವರ್ಷಗಳಾಗಿದ್ದವು.

ಜೂಲಿಯಾ ಜನಿಸಿದ್ದು 1815ರ ಜೂನ್ 11ರಂದು, ಕಲ್ಕತ್ತೆಯಲ್ಲಿ. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವರು. 1838ರಲ್ಲಿ ಆಕೆ ತಮಗಿಂತ 20 ವರ್ಷ ಹಿರಿಯರಾದ ಚಾರ್ಲ್ಸ್ ಹೇ ಕ್ಯಾಮರೂನ್ ಅವರನ್ನು ವರಿಸಿದರು. ಚಾರ್ಲ್ಸ್, ಮೆಕಾಲೆ ನೇತೃತ್ವದಲ್ಲಿ ಭಾರತೀಯ ದಂಡ ಸಂಹಿತೆಯ ಕರಡು ಸಿದ್ಧಪಡಿಸಿದ ಕಾನೂನು ಆಯೋಗದ ಸದಸ್ಯರಾಗಿದ್ದ ನ್ಯಾಯಶಾಸ್ತ್ರಜ್ಞ. 1848ರಲ್ಲಿ ದಂಪತಿ ಇಂಗ್ಲೆಂಡಿಗೆ ತೆರಳಿದರು. 1860ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್‌ನಲ್ಲಿ ಕವಿ ಟೆನಿಸನ್ ಅವರ ನೆರೆಯಲ್ಲಿ ಮನೆ ಮಾಡಿದರು.

ಸಿಲೋನಿನಲ್ಲಿದ್ದ ಕಾಫಿ ತೋಟಗಳೇ ಸಂಸಾರದ ಆಧಾರ. ಪತಿ ಹಾಗೂ ಗಂಡುಮಕ್ಕಳು ಆಗಾಗ ಅಲ್ಲಿಗೆ ಹೋಗುತ್ತಿದ್ದುದರಿಂದ ತಾಯಿಗೆ ಒಂಟಿತನ ಕಾಡುತ್ತಿತ್ತು. ಅದನ್ನು ಕಂಡ ಮಗಳು ಮತ್ತು ಅಳಿಯ 1863ರ ಕೊನೆಯಲ್ಲಿ ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಗ ಜೂಲಿಯಾಗೆ 48 ವರ್ಷ. ಕಲ್ಲಿದ್ದಲಿನ ಕೋಣೆ ಕತ್ತಲ ಕೋಣೆಯಾಯಿತು. ಗಾಜು ಹೊದೆಸಿದ್ದ ಕೋಳಿಗೂಡು ಸ್ಟುಡಿಯೋ ಆಯಿತು.

ಕೆಲಸ ಸುಲಭದ್ದಾಗಿರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಎದುರು ಕುಳಿತವರು ಹಲವು ನಿಮಿಷ ಅಲುಗಾಡದೆ ಇರಬೇಕಿತ್ತು. ಟೆನಿಸನ್, ಕಾರ್ಲೈಲ್, ಡಾರ್ವಿನ್, ಖಗೋಳ ವಿಜ್ಞಾನಿ ಜಾನ್ ಹರ್ಷಲ್ ಮುಂತಾದವರೆಲ್ಲ ಈ ಶಿಕ್ಷೆಗೆ ಒಳಗಾದರು. ಮನೆಯ ಸೇವಕಿ ಮೇರಿ ಹಿಲಿಯರ್ ಅವರನ್ನು ಜೂಲಿಯಾ ಮೇರಿ ಮಾತೆಯಾಗಿ ಕೂರಿಸಿದರು.

ಚಿತ್ರಗಳು ಮಸುಕಾಗಿವೆ, ಕಲೆಗಳಿವೆ, ಬೆರಳ ಗುರುತು ಉಳಿದಿದೆ ಎಂದು ವೃತ್ತಿನಿರತ ಛಾಯಾಗ್ರಾಹಕರು ಹೀಗಳೆದರು. ಸ್ಫುಟತೆಯೇ ಛಾಯಾಗ್ರಹಣದ ಮಾನದಂಡವಾಗಿದ್ದ ಕಾಲವದು. ಆದರೆ ಜೂಲಿಯಾ ಮೃದುವಾದ ನೋಟವನ್ನೇ ಬಯಸಿದ್ದರು. ಕತ್ತಲ ಹಿನ್ನೆಲೆಯಿಂದ ಮುಖವೊಂದೇ ಬೆಳಕಿಗೆ ಬರುವ ಆ ಕ್ರಮ ಅಂದಿನ ಸ್ಟುಡಿಯೋ ಚಿತ್ರಗಳಲ್ಲಿ ಅಪರೂಪವಾಗಿತ್ತು. ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ 1865ರಲ್ಲಿಯೇ ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು.

ಇದು ಕೇವಲ ಹವ್ಯಾಸವಾಗಿರಲಿಲ್ಲ. ತೋಟದ ಆದಾಯ ಕುಸಿದಂತೆ ಚಿತ್ರಗಳಿಂದ ಹಣ ಬರಬೇಕೆಂಬುದು ಆಕೆಯ ಆಸೆಯಾಗಿತ್ತು. 500ಕ್ಕೂ ಹೆಚ್ಚು ಚಿತ್ರಗಳ ಹಕ್ಕುಸ್ವಾಮ್ಯವನ್ನು ನೋಂದಾಯಿಸಿದರು. ಆದರೂ ಕೈಗೆ ಬಂದದ್ದು ಅಲ್ಪ. ಕ್ಯಾಮರಾ ಕೊಟ್ಟ ಮಗಳು 1873ರಲ್ಲಿ ಹೆರಿಗೆಯ ವೇಳೆ ತೀರಿಕೊಂಡಳು. ಮರುವರ್ಷ ಟೆನಿಸನ್ ಕಾವ್ಯಕ್ಕಾಗಿ ಜೂಲಿಯಾ ಶ್ರಮಿಸಿ ತೆಗೆದ ಚಿತ್ರಗಳು ಪ್ರಕಾಶಕರ ಪುಸ್ತಕದಲ್ಲಿ ಚಿಕ್ಕ ಮರದಚ್ಚುಗಳಾಗಿ ಕುಗ್ಗಿದವು. ನೊಂದ ಜೂಲಿಯಾ ಮೂಲ ಗಾತ್ರದ ಚಿತ್ರಗಳ ಎರಡು ಸಂಪುಟಗಳನ್ನು ತಾವೇ ಹೊರತಂದರು. ಅವೂ ಸಂಸಾರದ ಕಷ್ಟ ನೀಗಲಿಲ್ಲ.

1875ರಲ್ಲಿ ದಂಪತಿ ಸಿಲೋನಿಗೆ ಹೊರಟರು. ಸಾಮಾನುಗಳೊಂದಿಗೆ ತಮ್ಮ ಶವಪೆಟ್ಟಿಗೆಗಳನ್ನೂ ಒಯ್ದರೆಂಬುದು ಪ್ರತೀತಿ. ಅಲ್ಲಿ ತೋಟದ ಕಾರ್ಮಿಕರ ಕೆಲವು ಚಿತ್ರಗಳನ್ನು ತೆಗೆದರಾದರೂ ಕೆಲಸ ಹಿಂದಿನ ವೇಗ ಪಡೆಯಲಿಲ್ಲ. 1879ರ ಜನವರಿ 26ರಂದು ಜೂಲಿಯಾ ಕೊನೆಯುಸಿರೆಳೆದರು. ಬೊಗವಂತಲಾವದ ಚರ್ಚಿನ ಆವರಣದಲ್ಲಿ ಆಕೆಯ ಸಮಾಧಿಯಿದೆ.

1926ರ ಗ್ರಂಥವನ್ನು ಹೊರತಂದ ಹೋಗಾರ್ತ್ ಪ್ರೆಸ್, ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಹಾಗೂ ಪತಿ ಲಿಯೊನಾರ್ಡ್ ಅವರದು. ವರ್ಜೀನಿಯಾ, ಜೂಲಿಯಾರ ಸೋದರಿಯ ಮೊಮ್ಮಗಳು. ಕಲಾ ವಿಮರ್ಶಕ ರೋಜರ್ ಫ್ರೈ ಜತೆ ಆಕೆಯೂ ಪ್ರಸ್ತಾವನೆ ಬರೆದರು. ಆಕೆಗೆ 13 ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು. ದೊಡ್ಡಮ್ಮನ ಹೆಸರನ್ನೇ ಹೊತ್ತಿದ್ದ ಆ ತಾಯಿಯ ಮುಖವೂ, ಅದೇ ಮಸುಕು ಬೆಳಕಿನಲ್ಲಿ, ಆ ಗ್ರಂಥದಲ್ಲಿದೆ.