ಟೀಪುವಿನ ಅಕ್ಷರಗಣಿತ
ಗಂಜಾಮಿನ ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಮಲಗಿರುವ ಟೀಪೂ ಸುಲ್ತಾನನನ್ನು ಲೋಕವು ಖಡ್ಗಧಾರಿಯೆಂದೇ ಬಲ್ಲದು. ನಾವು ಆತನ ಅಂಕಪ್ರೀತಿಯನ್ನು ವಾಚಕರಿಗೆ ನೆನಪಿಸಬಯಸುತ್ತೇವೆ.

ದೇವನಹಳ್ಳಿಯಲ್ಲಿ ಜನಿಸಿ 1782ರಲ್ಲಿ ಪಟ್ಟವನ್ನೇರಿದ ಈತನು, ಅರವತ್ತು ಸಂವತ್ಸರಗಳಿಗೆ ಅರಬ್ಬೀ ಅಕ್ಷರಗಳ ಬೆಲೆಯನ್ನನುಸರಿಸಿ ಹೊಸ ಹೆಸರುಗಳನ್ನಿಟ್ಟನು. 40ನೆಯದಾದ ಪರಾಭವವು ‘ದಲ್ವ್’ ಆಯಿತು: ದಾಲ್ 4, ಲಾಮ್ 30, ವಾವ್ 6. 1787ರ ಸುಮಾರಿಗೆ ಬೆಲೆಗಳ ಪಟ್ಟಿಯನ್ನೇ ಬದಲಿಸಲು, 400 ಬೆಲೆಯ ‘ತೆ’ ಅಕ್ಷರಕ್ಕೆ 3 ಮಾತ್ರ ಉಳಿಯಿತು. ಪಟ್ಟಿಯನ್ನರಿಯದವನಿಗೆ ಹೆಸರಿನೊಳಗಿನ ವರ್ಷವು ತಿಳಿಯದು. ಗುಪ್ತಲಿಪಿಯ ಮರ್ಮವೂ ಇದೇ ಅಲ್ಲವೇ?

1799ನೆಯ ಮೇ 4ರಂದು ಕೋಟೆ ಬಿದ್ದಿತು, ಸುಲ್ತಾನನು ಹೋರಾಡುತ್ತ ಮಡಿದನು, ಕಾಗದಪತ್ರಗಳು ಆಂಗ್ಲರ ವಶವಾದವು. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ಕನು ಆ ಪತ್ರಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಪಂಚಾಂಗದ ಕ್ರಮವನ್ನೂ ಬಿಡಿಸಿ ತೋರಿಸಿದನು. ಗಣಿತವು ಬೀಗವನ್ನು ಮಾಡಿಕೊಡಬಲ್ಲದು. ಕೀಲಿಕೈಯನ್ನು ಕಾಯುವ ಹೊಣೆ ರಾಷ್ಟ್ರದ್ದೇ ಎಂಬುದು ನಮ್ಮ ಅಭಿಪ್ರಾಯ.